ಐವತ್ತೆರಡನೇ ನಿಮಿಷ

ಮಧುಗಿರಿ
18 ನವೆಂಬರ್ 2024

ಆಶಾ,

ನೀನು ಕಳಿಸಿದ ಪೆನ್‌ಡ್ರೈವ್ ಬಂತು. ಜೊತೆಗೆ ‘ನೋಡಿ ಬೈದು ಬರೀರಿ ಪ್ರಭಣ್ಣ’ ಅನ್ನುವ ಚೀಟಿಯೂ ಇತ್ತು. ನೋಡಿದೆ, ಬೈದು ಬರೆಯುತ್ತಿದ್ದೇನೆ. ಮದುವೆ ಸೀಸನ್ನಿನ ನಡುವೆ ನನ್ನ ಸ್ಟುಡಿಯೊ ಬಿಟ್ಟು ಹೋದವಳ ಜೊತೆ ಫೋನಲ್ಲಿ ಮಾತಾಡಬಾರದು ಎಂದು ಎರಡು ವರ್ಷದ ಹಿಂದೆಯೇ ತೀರ್ಮಾನ ಮಾಡಿದ್ದೆ. ಕಾಗದದ ಬಗ್ಗೆ ಏನೂ ತೀರ್ಮಾನ ಮಾಡಿರಲಿಲ್ಲ, ಹಾಗಾಗಿ ಇದು.

‘ನಾಲ್ಕನೇ ಕಾರ್ಡು’ ಎಂದು ಹೆಸರಿಟ್ಟಿದ್ದೀಯ. ಪಾವಗಡದ ಸೋಲಾರ್ ಪ್ಲೇಟುಗಳ ನಡುವೆ ನಾಲ್ಕು ಜನ ದೆವ್ವ ಹುಡುಕಲು ಹೋಗಿ ಕಾಣೆಯಾಗುತ್ತಾರೆ. ಅವರ ಕ್ಯಾಮೆರಾ ಯಾರಿಗೋ ಸಿಗುತ್ತದೆ. ಅದರ ಮೆಮೊರಿ ಕಾರ್ಡಿನಲ್ಲಿದ್ದದ್ದನ್ನೇ ನಾವು ನೋಡುತ್ತಿದ್ದೇವೆ ಎಂದು ನಂಬಬೇಕು. ಇದಕ್ಕೆ ಫೌಂಡ್ ಫೂಟೇಜ್ ಅನ್ನುತ್ತಾರಂತೆ, ಮಗಳು ಮಂಜುಶ್ರೀ ಹೇಳಿದಳು. ಏನಾದರೂ ಅನ್ನಲಿ, ನಲವತ್ತು ನಿಮಿಷಕ್ಕೆ ನನ್ನ ಹೊಟ್ಟೆ ತೊಳಸಿತು. ಅಲ್ಲಿಗೆ ನಿಲ್ಲಿಸಿದೆ.

ಹೆದರಿ ನಿಲ್ಲಿಸಿದ್ದಲ್ಲ. ನಿನ್ನ ಕ್ಯಾಮೆರಾ ಅಲುಗಾಡುವುದನ್ನು ತಡೆಯಲಾಗಲಿಲ್ಲ. ಆರು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈ ನಿಲ್ಲಿಸುವುದನ್ನು ಕಲಿಸಿದೆ, ನೀನು ಬೇಕೆಂದೇ ಕೈ ನಡುಗಿಸುತ್ತೀಯ. ಹೆದರಿದವನ ಕೈ ಹಾಗೆ ಅಲ್ಲಾಡುವುದಿಲ್ಲ. ಕ್ಯಾಮೆರಾ ಹಿಡಿದ ಹುಡುಗನ ಕೈಗೆ ‘ಈಗ ಅಲ್ಲಾಡಿಸು’ ಎಂದು ಹೇಳಿಕೊಟ್ಟದ್ದು ಕಾಣುತ್ತದೆ. ಆಮೇಲೆ ಆ ವಾಂತಿ. ಅವಲಕ್ಕಿ ಕಲಸಿ ಬಾಯಿಂದ ಉಗುಳಿಸಿ, ಅದನ್ನು ಹತ್ತಿರದಿಂದ ತೋರಿಸಿ, ಮೇಲೆ ನೊಣ ಕೂರುವ ತನಕ ಕಾದಿದ್ದೀಯ. ನಾನು ಊಟ ಮಾಡಿ ಕೂತಿದ್ದೆ ಮಾರಾಯ್ತಿ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎದುರಿಗೆ ಗೆಳೆಯ ಸಾಯುತ್ತಿದ್ದಾನೆ, ಇವನು ಕ್ಯಾಮೆರಾ ಹಿಡಿದು ನಿಂತಿದ್ದಾನೆ. ಯಾಕೆ? ಬಿಸಾಕಿ ಓಡಬೇಕು, ಇಲ್ಲ ಹೋಗಿ ಅವನ ಕೈ ಹಿಡಿಯಬೇಕು. ಎರಡನ್ನೂ ಮಾಡದೆ ಫೋಕಸ್ ಸರಿ ಮಾಡುತ್ತಾನೆ. ಅಂಥ ಮನುಷ್ಯನ ಮೇಲೆ ನನಗೆ ಹೇಸಿಗೆ ಬರುತ್ತದೆಯೇ ಹೊರತು ಅವನಿಗೆ ಏನಾಗುವುದೋ ಎಂಬ ಭಯ ಬರುವುದಿಲ್ಲ.

ಒಳ್ಳೆಯದು ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಡುಮಧ್ಯಾಹ್ನ ದೆವ್ವ ತೋರಿಸಲು ಹೊರಟಿದ್ದೀಯಲ್ಲ, ಅದಕ್ಕೆ ಧೈರ್ಯ ಬೇಕು. ಬಿಸಿಲಿಗೆ ಪ್ಲೇಟುಗಳು ಟಿಕ್ ಟಿಕ್ ಎಂದು ಸದ್ದು ಮಾಡುತ್ತವೆ, ಬೇರೆ ಯಾವ ಮ್ಯೂಸಿಕ್ಕೂ ಇಲ್ಲ. ಅಲ್ಲಿ ಮೈ ಜುಮ್ಮೆಂದಿತು. ನಾಲ್ವರಲ್ಲಿ ಒಬ್ಬಳಾದ ಆ ಹುಡುಗಿಗೆ ನಟನೆ ಬರುವುದಿಲ್ಲ, ಅದರಿಂದಲೇ ಅವಳು ಅತ್ತಾಗ ನಂಬಿದೆ. ಕೈಯಲ್ಲಿ ಏನೂ ಇಲ್ಲದವರಿಗೆ ಇಂಥ ಸಿನಿಮಾದಲ್ಲಿ ಇಷ್ಟು ಅನುಕೂಲ ಇದೆ. ಇಷ್ಟೇ ಇರುವುದು.

ಪ್ರಭುದೇವ್


ಪಾವಗಡ
27 ನವೆಂಬರ್ 2024

ಪ್ರಭಣ್ಣನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಮ್ಮ ತಂಡಕ್ಕೆಲ್ಲ ಓದಿ ಹೇಳಿದೆ. ವಾಂತಿ ಮಾಡಿದ ಹುಡುಗ ರಂಗೇಶ್ ಬಹಳ ಖುಷಿಯಾಗಿದ್ದಾನೆ. ನಿಮಗೆ ಹೊಟ್ಟೆ ತೊಳಸಿತು ಎನ್ನುವುದು ಅವನಿಗೆ ಸಿಕ್ಕ ಮೊದಲ ಪ್ರಶಸ್ತಿ.

ಬೈದದ್ದರಲ್ಲಿ ಅರ್ಧ ಒಪ್ಪುತ್ತೇನೆ. ಲೈಟಿಲ್ಲ, ಟ್ರಾಲಿಯಿಲ್ಲ, ಇರುವುದು ಒಂದು ಕ್ಯಾಮೆರಾ, ಆರು ಜನ, ರಂಗೇಶನ ಸ್ಕೂಟರು. ಚೆನ್ನಾಗಿ ತೆಗೆಯಲಾಗದ್ದಕ್ಕೆ ಕೆಟ್ಟದಾಗಿ ತೆಗೆದದ್ದೇ ನಿಜ ಎನ್ನುವ ನೆಪ ಸಿಗುತ್ತದೆ. ಆ ನೆಪದ ಹಿಂದೆ ಸೋಮಾರಿಗಳೂ ಬಚ್ಚಿಟ್ಟುಕೊಳ್ಳಬಹುದು, ನಾನೂ ಒಂದೆರಡು ಕಡೆ ಬಚ್ಚಿಟ್ಟುಕೊಂಡಿದ್ದೇನೆ. ಪ್ಲೇಟು ಕಾಯುವ ಕಾಡಸಿದ್ದಪ್ಪ ಮೊದಲ ದಿನವೇ ಕೇಳಿದ: “ಏಮ್ಮಾ, ಈ ಬಿಸ್ಲಾಗೆ ದೆಯ್ಯಂ ಯಾಕ್ ಬತ್ತದೆ, ಅದುಕ್ಕೇನ್ ತಲೆ ಕೆಟ್ಟದಾ?” ಕೊನೆಗೆ ಅವನನ್ನೇ ಒಂದು ಶಾಟಿನಲ್ಲಿ ನಡೆಸಿದೆ.

ಆದರೆ ಕ್ಯಾಮೆರಾ ಯಾಕೆ ಬಿಸಾಕಲಿಲ್ಲ ಎಂದು ನೀವು ಕೇಳಬಾರದು. ಸ್ಟುಡಿಯೊಗೆ ಸೇರಿದ ಮೊದಲ ದಿನ ನನ್ನ ಕೈಗೆ ಕ್ಯಾಮೆರಾ ಕೊಟ್ಟು ನೀವು ಹೇಳಿದ್ದು ನೆನಪಿದೆಯಾ? “ಮಂಟಪ ಬಿದ್ರೂ ಸರಿ ಕಣಮ್ಮ, ಇದುನ್ನ ಇಳಿಸ್ಬ್ಯಾಡ.” ನನ್ನ ನಾಲ್ವರೂ ಅದನ್ನೇ ಮಾಡುತ್ತಾರೆ.

ಈಗ ಸುದ್ದಿ. ಮೊಬೈಲಿನಲ್ಲಿ ಸಿನಿಮಾ ತೋರಿಸುವ ಬೆಂಗಳೂರಿನ ಒಂದು ಕಂಪನಿ ನಮ್ಮದನ್ನು ತೆಗೆದುಕೊಳ್ಳುತ್ತೇವೆ ಎಂದಿದೆ. ಅದಕ್ಕೆ ಕಾರಣ ಒಂದೇ ಒಂದು ಶಾಟ್. ಐವತ್ತೆರಡನೇ ನಿಮಿಷದಲ್ಲಿದೆ, ಹನ್ನೊಂದು ಸೆಕೆಂಡು. ಅದನ್ನು ನೋಡಿ ಅಲ್ಲಿನ ಒಬ್ಬರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ನೀವು ನಲವತ್ತಕ್ಕೇ ನಿಲ್ಲಿಸಿದ್ದು ನನ್ನ ಹೊಟ್ಟೆ ಉರಿಸಿತು. ದಯವಿಟ್ಟು ಅಲ್ಲಿಂದ ಮುಂದಕ್ಕೆ ನೋಡಿ.

ಜನವರಿ 12, ಭಾನುವಾರ ಮಧ್ಯಾಹ್ನ, ಶಿರಾದಲ್ಲಿ ನಮ್ಮ ಮಾವನ ಛತ್ರದಲ್ಲಿ ಎಲ್ಲರಿಗೂ ತೋರಿಸುತ್ತಿದ್ದೇವೆ. ಮಂಜುಗೆ ಹೇಳಿದ್ದೇನೆ, ಕೊರಟಗೆರೆಯಿಂದ ಬರುತ್ತಾಳಂತೆ. ನೀವೂ ಬನ್ನಿ. ಫೋನಲ್ಲಿ ತಾನೇ ಮಾತಾಡಬಾರದು.

ನಿಮ್ಮ
ಆಶಾರಾಣಿ


ಮಧುಗಿರಿ
3 ಡಿಸೆಂಬರ್ 2024

ಆಶಾ,

ಐವತ್ತೆರಡನೇ ನಿಮಿಷ ನೋಡಿದೆ. ನೋಡಿ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ರಂಗೇಶನಿಗೆ ಹೇಳು, ಈ ಸಲ ಅವಲಕ್ಕಿ ಅಲ್ಲ.

ಮುತ್ತೈದೆಯೊಬ್ಬಳು ಗೋಡೆಗೆ ಒರಗಿ ಕೂತಿದ್ದಾಳೆ. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಚಿತ್ರ ಒಮ್ಮೆ ಕುಲುಕುತ್ತದೆ. ಅವಳ ತಲೆ ನಿಧಾನವಾಗಿ ಎಡಕ್ಕೆ ವಾಲುತ್ತದೆ. ಯಾವುದೋ ಕರ್ಕಶ ಸದ್ದು. ಕಟ್. ಇದು ನಿನ್ನ ದೆವ್ವ.

ಅದು ದೆವ್ವ ಅಲ್ಲ, ಹೆಣ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು ಕೂರಿಸುತ್ತೇವೆ. ತಲೆ ವಾಲದಂತೆ ಬಟ್ಟೆಯಿಂದ ಹಿಂದಿನ ಮೊಳೆಗೆ ಕಟ್ಟಿರುತ್ತೇವೆ. ಮನೆಯವರು ಒಬ್ಬೊಬ್ಬರೇ ಬಂದು ಕಾಲು ಮುಟ್ಟುತ್ತಾರೆ. ಕೂತಂತೆಯೇ ಕರೆದುಕೊಂಡು ಹೋಗಿ, ಕೂತಂತೆಯೇ ಮಣ್ಣಿಗೆ ಇಳಿಸುತ್ತೇವೆ. ಬಟ್ಟೆ ಸಡಿಲವಾದರೆ ತಲೆ ವಾಲುತ್ತದೆ. ಪಕ್ಕದಲ್ಲಿದ್ದವರು ಸರಿ ಮಾಡುತ್ತಾರೆ. ಆ ಕೈ ಬರುವ ಮೊದಲೇ ನೀನು ಕತ್ತರಿಸಿದ್ದೀಯ. ಯಾರೋ ಒಬ್ಬಳ ಕೊನೆಯ ಮರ್ಯಾದೆಯನ್ನು ತೆಗೆದುಕೊಂಡು ಕುರ್ಚಿ ತಳ್ಳಿ ಏಳುವವರಿಗೆ ತಿನ್ನಲು ಹಾಕಿದ್ದೀಯ.

ಅದು ನಿನಗೆ ಎಲ್ಲಿ ಸಿಕ್ಕಿತು? 12ನೇ ತಾರೀಖಿನೊಳಗೆ ಅದನ್ನು ತೆಗೆದು ಹಾಕು. ಆ ಕಂಪನಿಗೂ ಕೊಡಬೇಡ. ಈ ವಿಷಯದಲ್ಲಿ ತಮಾಷೆ ಬೇಡ.

ಪ್ರಭುದೇವ್


ಪಾವಗಡ
11 ಡಿಸೆಂಬರ್ 2024

ಪ್ರಭಣ್ಣ,

ಎಲ್ಲಿ ಸಿಕ್ಕಿತು ಎಂದು ನೀವು ಕೇಳುತ್ತೀರಲ್ಲ, ನೀವೇ ಕೊಟ್ಟದ್ದು. ನಾನು ಎಡಿಟಿಂಗ್ ಕಲಿಯುವಾಗ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ, “ಇವೆಲ್ಲಾ ಉಳಿಕೆ ಟೇಪು, ಏನ್ ಬೇಕಾದ್ರೂ ಮಾಡ್ಕೊ” ಎಂದಿರಿ. ಅದರಲ್ಲಿದ್ದ ಚಿಕ್ಕ ಕ್ಯಾಸೆಟ್ಟು. ಮೇಲೆ ನಿಮ್ಮದೇ ಅಕ್ಷರದಲ್ಲಿ ‘ಗೊರವನಹಳ್ಳಿ ಪೂಜೆ, ಉಳಿಕೆ’ ಎಂದು ಬರೆದಿತ್ತು. ಮೊದಲ ಅರ್ಧ ಗಂಟೆ ಮಹಾಲಕ್ಷ್ಮಿ ದೇವಸ್ಥಾನದ ಕ್ಯೂ. ಆಮೇಲೆ ಇದು. ನಮ್ಮ ಕಡೆ ಸತ್ತವರನ್ನು ಮಲಗಿಸುತ್ತಾರೆ. ಹೂವು ಮುಡಿದು ಕೂತವಳನ್ನು ನೋಡಿ ಸತ್ತವಳು ಎಂದು ನನಗೆ ಹೇಗೆ ಗೊತ್ತಾಗಬೇಕು? ಮೈಮೇಲೆ ದೇವರು ಬಂದು ಸುಸ್ತಾಗಿದ್ದಾಳೆ ಅಂದುಕೊಂಡೆ.

ತೆಗೆಯುವುದಿಲ್ಲ. ಅದನ್ನು ತೆಗೆದರೆ ಉಳಿಯುವುದು ನೀವು ಬೈದಿರಲ್ಲ, ಆ ಅಲುಗಾಟ ಮತ್ತು ವಾಂತಿ. ಎರಡು ವರ್ಷ ನಾನು ಮಾಡಿದ್ದಕ್ಕೆಲ್ಲ ಆ ಹನ್ನೊಂದು ಸೆಕೆಂಡೇ ಬೆಲೆ ತಂದಿದೆ. ನಮ್ಮಮ್ಮ ಕೊಲ್ಲಾಪುರಮ್ಮ ಊರಲ್ಲಿ ಎಲ್ಲರ ಮನೆಗೂ ಹೋಗಿ ಮಗಳ ಸಿನಿಮಾ ಬರುತ್ತದೆ ಎಂದು ಹೇಳಿ ಬಂದಿದ್ದಾಳೆ.

ಮತ್ತೆ ಮರ್ಯಾದೆಯ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ಅದನ್ನು ಶೂಟ್ ಮಾಡಿದವನು ಯಾವನು? ಕೈಯಳತೆಯಲ್ಲಿ ನಿಂತಿದ್ದಾನೆ. ಎದುರಿಗೆ ತಲೆ ವಾಲುತ್ತಿದೆ. ಮುಂದೆ ಹೋಗಿ ಹಿಡಿಯಲಿಲ್ಲ, ಶೂಟ್ ಮಾಡುತ್ತಲೇ ನಿಂತ. ನಿಮಗೆ ಹೇಸಿಗೆ ಬರುವುದಾದರೆ ಅವನ ಮೇಲೆ ಬರಲಿ. ನಾನು ಸಿಕ್ಕಿದ್ದನ್ನು ಹಾಕಿದವಳು ಅಷ್ಟೆ.

ಆಶಾರಾಣಿ


ಮಧುಗಿರಿ
2 ಜನವರಿ 2025

ಆಶಾ,

ಅವನು ಯಾವನು ಎಂದು ನೀನು ಕೇಳಿದ್ದೆ. ನಾನೇ. ಅವಳು ನನ್ನ ಹೆಂಡತಿ ಲೋಹಿತಾ.

ಈ ಎರಡು ಸಾಲು ಬರೆಯಲು ಇಪ್ಪತ್ತು ದಿನ ಹಿಡಿಯಿತು. ಮಿಕ್ಕದ್ದನ್ನೂ ಬರೆದು ಮುಗಿಸುತ್ತೇನೆ.

2006ರ ಮಾರ್ಚಿನಲ್ಲಿ ಅವಳು ಹೋದದ್ದು. ಕಾಮಾಲೆ, ಹದಿಮೂರು ದಿನ. ಅವಳಿಗೆ ಮೂವತ್ತೊಂದು, ಮಂಜುಗೆ ಆರು. ಹಿಂದಿನ ವಾರ ಗೊರವನಹಳ್ಳಿಯಲ್ಲಿ ಯಾರದೋ ಹರಕೆಯ ಪೂಜೆ ಶೂಟ್ ಮಾಡಿದ್ದೆ, ಟೇಪು ಕ್ಯಾಮೆರಾದಲ್ಲೇ ಅರ್ಧ ಉಳಿದಿತ್ತು. ಅವಳನ್ನು ಕೂರಿಸಿದ ಮೇಲೆ ನಾನು ಒಳಗೆ ಹೋಗಿ ಕ್ಯಾಮೆರಾ ತಂದೆ. ಯಾಕೆ ತಂದೆ ಎಂದು ಕೇಳಬೇಡ, ನನಗೇ ಗೊತ್ತಿಲ್ಲ. ಮನೆಯಲ್ಲಿ ಏನೇ ನಡೆದರೂ ಕ್ಯಾಮೆರಾ ತರುವುದು ನನ್ನ ಕೈಗೆ ರೂಢಿಯಾಗಿತ್ತು. ಮಾವ ಚನ್ನಮಲ್ಲಯ್ಯನವರು ವಿಭೂತಿ ತಟ್ಟೆ ಹಿಡಿದು ಕರೆದರು: “ಅದುನ್ನ ಕೆಳಗಿಟ್ಟು ಬಾರಪ್ಪ, ನಿನ್ ಕೈಯಾಗೆ ಒಂದೀಟು ಈಬೂತಿ ಹಚ್ಚು.” ನಾನು ಹೋಗಲಿಲ್ಲ. ಬಟ್ಟೆ ಸಡಿಲವಾಗಿ ಅವಳ ತಲೆ ವಾಲಿತು. ಆಗಲೂ ಹೋಗಲಿಲ್ಲ. ಮಗಳ ತಲೆಯನ್ನು ಆ ಮುದುಕ ತಾನೇ ಎತ್ತಿ ನಿಲ್ಲಿಸಿದರು. ಅವರು ಬದುಕಿದ್ದಷ್ಟು ದಿನ ನನ್ನ ಜೊತೆ ಬೇಕಾದಷ್ಟು ಮಾತಾಡಿದರು, ಆ ದಿನದ ಮಾತು ಮಾತ್ರ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಮಂಜುಗೆ ಆಗ ಮನೆಯಲ್ಲಿರುವ ಕ್ಯಾಸೆಟ್ಟುಗಳನ್ನೆಲ್ಲ ಹಾಕಿಸಿಕೊಂಡು ನೋಡುವ ಹುಚ್ಚು. ಇದು ಅವಳ ಕೈಗೆ ಸಿಗಬಾರದು ಎಂದು ಸುಳ್ಳು ಹೆಸರು ಬರೆದು ಪೆಟ್ಟಿಗೆಗೆ ಹಾಕಿದೆ. ಒಂದು ದಿನವೂ ಹಾಕಿ ನೋಡಲಿಲ್ಲ. ಅಳಿಸುವುದಕ್ಕೂ ಕೈ ಬರಲಿಲ್ಲ. ಬರುಬರುತ್ತಾ ಆ ಪೆಟ್ಟಿಗೆಯೊಳಗೆ ಏನಿದೆ ಎನ್ನುವುದನ್ನೇ ಮರೆತೆ. ಹಾಗೆ ಮರೆತು ನಿನಗೆ ಕೊಟ್ಟೆ. ಈ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಕ್ಯಾಮೆರಾ ಬಿಸಾಕಿ ಹೋಗಿ ಕೈ ಹಿಡಿಯದವನ ಮೇಲೆ ಹೇಸಿಗೆ ಬರುತ್ತದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆನಲ್ಲ, ಹತ್ತೊಂಬತ್ತು ವರ್ಷದಿಂದ ಅದು ನನ್ನ ಜೊತೆಗಿದೆ. ನಿನ್ನ ಸಿನಿಮಾ ಅದಕ್ಕೆ ಮುಖ ಕೊಟ್ಟಿತು.

ಆದರೆ ನಿನ್ನ ಪಾಲಿನದನ್ನು ನೀನೂ ತೆಗೆದುಕೊ. ಅಂದಿನಿಂದ ನಾನು ಸಾವಿನ ಮನೆಯಲ್ಲಿ ಕ್ಯಾಮೆರಾ ಹಿಡಿದಿಲ್ಲ. ಅಂಥ ಆರ್ಡರ್ ಬಂದರೆ ನಿನ್ನನ್ನು ಕಳಿಸುತ್ತಿದ್ದೆ. ಆರು ವರ್ಷದಲ್ಲಿ ಅಂಥ ಮನೆಗಳಲ್ಲಿ ನೀನು ಶೂಟ್ ಮಾಡಿದವರಲ್ಲಿ ಅರ್ಧ ಜನ ಹೂವು ಹಾಕಿಕೊಂಡು ಕೂತವರೇ. ಹೇಗೆ ಗೊತ್ತಾಗಬೇಕು ಎಂದು ನನ್ನನ್ನು ಕೇಳಬೇಡ.

12ಕ್ಕೆ ಮಂಜು ಬರುತ್ತಾಳೆ. ಅವಳಿಗೆ ತಾಯಿಯ ಮುಖ ನೆನಪಿರುವುದು ಫೋಟೊಗಳಿಂದ. ಇನ್ನೂರು ಜನ ಕಿರುಚುವ ಛತ್ರದಲ್ಲಿ ಅವಳು ತಾಯಿಯನ್ನು ಹಾಗೆ ನೋಡಬಾರದು. ಕೇಳಿಕೊಳ್ಳುತ್ತೇನೆ.

ಪ್ರಭುದೇವ್


ಪಾವಗಡ
6 ಜನವರಿ 2025

ಪ್ರಭಣ್ಣ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಮಧ್ಯಾಹ್ನದೊಳಗೆ ಆ ಶಾಟನ್ನು ತೆಗೆದು ಹಾಕಿದೆ. ಕಂಪನಿಯವರಿಗೆ ಫೋನ್ ಮಾಡಿ ಹೇಳಿದೆ. ಹಾಗಾದರೆ ಸಿನಿಮಾ ಬೇಡ ಎಂದರು. ಅಮ್ಮನಿಗೆ ಇನ್ನೂ ಹೇಳಿಲ್ಲ.

ನನಗೆ ಗೊತ್ತಿತ್ತು. ಲೋಹಿತಕ್ಕ ಎಂದು ಗೊತ್ತಿರಲಿಲ್ಲ, ನಾನು ಸೇರುವ ಹೊತ್ತಿಗೆ ನಿಮ್ಮ ಮನೆಯ ಗೋಡೆಯ ಮೇಲೆ ಒಂದು ಮಾಸಿದ ಮದುವೆ ಫೋಟೊ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಕೂತಿರುವವಳು ಸತ್ತಿದ್ದಾಳೆ ಎಂದು ಮೊದಲ ಸಲ ನೋಡಿದಾಗಲೇ ಗೊತ್ತಾಯಿತು. ಮೈಮೇಲೆ ದೇವರು ಎಂದು ಬರೆದದ್ದು ಸುಳ್ಳು.

ಇನ್ನೂ ಒಂದಿದೆ. ಇದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ. ಆ ಟೇಪಿನಲ್ಲಿ ಧ್ವನಿ ಇದೆ. ಒಂದು ಮಗು ಮಾತಾಡುತ್ತದೆ. ಅದನ್ನು ಕೇಳಿದ ಕೂಡಲೇ ಕೂತಿರುವವಳು ಒಬ್ಬ ತಾಯಿ ಎಂದೂ ಗೊತ್ತಾಯಿತು. ಮಗುವಿನ ಧ್ವನಿ ಇದ್ದರೆ ಯಾರೂ ಹೆದರುವುದಿಲ್ಲ, ಅತ್ತುಬಿಡುತ್ತಾರೆ. ಅದಕ್ಕೆ ಧ್ವನಿ ಪೂರ್ತಿ ತೆಗೆದು, ನಮ್ಮ ಓನರ್ ಮನೆಯ ಗ್ರೈಂಡರ್ ತಿರುಗುವ ಸದ್ದನ್ನು ನಿಧಾನ ಮಾಡಿ ಹಾಕಿದೆ. ನಿಮಗೆ ಕರ್ಕಶವಾಗಿ ಕೇಳಿದ್ದು ಅದೇ. ಎಷ್ಟು ಚೆನ್ನಾಗಿ ಕೂತಿತು ಎಂದು ಆ ದಿನ ನಾನೂ ರಂಗೇಶನೂ ಬೋಂಡ ತರಿಸಿಕೊಂಡು ತಿಂದೆವು. ಈಗ ಅದನ್ನು ನೆನೆಸಿಕೊಂಡರೆ ಬಾಯಿಗೆ ನೀರು ಹಾಕಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಮೂಲ ಟೇಪು ಕಳಿಸುತ್ತಿದ್ದೇನೆ. ನಿಮ್ಮ ಹಳೆಯ ಕ್ಯಾಮೆರಾ ಕೆಟ್ಟಿದೆಯಲ್ಲ, ಅದಕ್ಕೆ ಟೇಪು ಇಳಿಸಲು ನಾನು ಕೊಂಡಿದ್ದ ಹಳೆಯ ಕ್ಯಾಮೆರಾವನ್ನೂ ಇಟ್ಟಿದ್ದೇನೆ, ಟಿವಿಗೆ ಸಿಕ್ಕಿಸಿದರೆ ಓಡುತ್ತದೆ. ನಾನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಕಾಪಿಯನ್ನು ಅಳಿಸಿದೆ. ಮಗು ಏನು ಹೇಳುತ್ತದೆ ಎಂದು ನಾನು ಬರೆಯುವುದಿಲ್ಲ. ಆ ಮಗುವಿನ ಬಾಯಿ ಒಂದು ಸಲ ಮುಚ್ಚಿಸಿದ್ದೇನೆ, ಆ ಮಾತನ್ನು ನನ್ನ ಕೈಯಲ್ಲಿ ಬರೆಸಿಕೊಳ್ಳುವುದು ಬೇಡ. ನೀವೇ ಕೇಳಿ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀರಿ.

ಆಶಾ


ಮಧುಗಿರಿ
17 ಫೆಬ್ರವರಿ 2025

ಆಶಾ,

ಛತ್ರದ ಸುದ್ದಿ ಮಂಜು ಹೇಳಿದಳು. ಐವತ್ತೆರಡನೇ ನಿಮಿಷಕ್ಕೆ ಪರದೆ ಸುಮ್ಮನೆ ಕಪ್ಪಾಯಿತಂತೆ, ಜನ ಕರೆಂಟು ಹೋಯಿತು ಎಂದು ನಕ್ಕರಂತೆ. ನಿಮ್ಮಮ್ಮ “ಇದೇನ್ ಸಿನ್ಮಾನೇ, ನಂಗೆ ತಲೆ ತಿರುಗ್ತದೆ” ಎಂದು ಎದ್ದು ಅಡುಗೆ ಕಡೆ ಹೋದರಂತೆ. ಮಂಜು ಏನೂ ತಿಳಿಯದೆ ನಕ್ಕು ಬಂದಿದ್ದಾಳೆ. ನೀನು ಆ ಕತ್ತಲಿನ ಜಾಗದಲ್ಲಿ ಬೇರೆ ಏನನ್ನೂ ತುಂಬಿಸದೆ ಬಿಟ್ಟದ್ದು ನನಗೆ ಸರಿ ಅನ್ನಿಸಿತು.

ಟೇಪನ್ನು ಒಂದು ತಿಂಗಳು ಬೀರುವಿನಲ್ಲೇ ಇಟ್ಟಿದ್ದೆ. ನಿನ್ನೆ ಭಾನುವಾರ ಕೊರಟಗೆರೆಗೆ ಹೋದೆ. ಮಂಜು ಕೆಲಸ ಮಾಡುವ ಔಷಧಿ ಅಂಗಡಿಗೆ ರಜೆ ಇತ್ತು. ಊಟ ಆದ ಮೇಲೆ ಎಲ್ಲ ಹೇಳಿದೆ: ನೀನು ಮಾಡಿದ್ದು, ನಾನು ಮಾಡಿದ್ದು. ಅವಳು ಬಹಳ ಹೊತ್ತು ತಟ್ಟೆ ತೊಳೆಯುತ್ತಾ ನಿಂತಿದ್ದಳು. ಆಮೇಲೆ ಕೈ ಒರೆಸಿಕೊಂಡು ಬಂದು, “ಹಾಕಪ್ಪ, ನೋಡಾನ” ಎಂದಳು.

ಹಾಕಿದೆ. ಮೊದಲು ಗೊರವನಹಳ್ಳಿಯ ಕ್ಯೂ ಬಂತು. ಬಸ್ಸು ಇಳಿದು ಬರುವ ಹೆಂಗಸರು, ಒಬ್ಬಳ ಕೈಯಲ್ಲಿ ತೆಂಗಿನಕಾಯಿ. ಆಮೇಲೆ ನಮ್ಮ ನಡುಮನೆ. ಲೋಹಿತಾ.

ಮಾವನವರು ಕರೆದದ್ದು ಕೇಳಿಸಿತು. ನಾನು ನೆನಪಿಟ್ಟುಕೊಂಡ ಹಾಗೆಯೇ, ಒಂದು ಅಕ್ಷರ ಬದಲಿಲ್ಲ. ಆಗ ಚಿತ್ರ ಕೆಳಗಿಳಿಯಿತು, ನೆಲ ಕಂಡಿತು. ನಾನು ಕ್ಯಾಮೆರಾ ಇಳಿಸಿದ್ದೆ ಆಶಾ. ಇಷ್ಟು ವರ್ಷ ಇಳಿಸಲೇ ಇಲ್ಲ ಅಂದುಕೊಂಡಿದ್ದೆ. ನೆಲ ಕಂಡ ಕೂಡಲೇ ಮಗು ಮಾತಾಡಿತು: “ನಿಲ್ಲಿಸ್ಬ್ಯಾಡ ಕಣಪ್ಪ. ಅಮ್ಮ ಆಮೇಕೆ ನೋಡ್ತಾಳೆ.”

ಆರು ವರ್ಷದ ಮಂಜು. ನಮ್ಮ ಮನೆಯಲ್ಲಿ ಅದು ಪದ್ಧತಿಯಾಗಿತ್ತು. ಯಾರ ಮನೆಯ ಪೂಜೆ, ಮದುವೆ ಶೂಟ್ ಮಾಡಿ ಬಂದರೂ ಮೊದಲು ನೋಡುವವಳು ಲೋಹಿತಾ. ಅವಳು ನೋಡಿ, ಇಂಥವರ ಮುಖ ಬಂದಿಲ್ಲ, ಇಂಥವರದು ಜಾಸ್ತಿಯಾಯಿತು ಎಂದು ಹೇಳಿದ ಮೇಲೆಯೇ ನಾನು ಕತ್ತರಿ ಹಾಕುತ್ತಿದ್ದೆ. ಅಮ್ಮ ಹೂವು ಹಾಕಿಕೊಂಡು ಕೂತಿದ್ದಾಳೆ, ಆಮೇಲೆ ಎದ್ದು ಬಂದು ನೋಡುತ್ತಾಳೆ ಎಂದು ಮಗು ತಿಳಿದುಕೊಂಡಿತ್ತು. ನನ್ನ ಧ್ವನಿಯೂ ಇದೆ, ನನಗೇ ಗುರುತು ಸಿಗದಷ್ಟು ಮೆಲ್ಲಗೆ. “ಹೂಂ, ನಿಲ್ಸಲ್ಲ ಬುಡು” ಎಂದಿದ್ದೇನೆ. ಚಿತ್ರ ಮತ್ತೆ ಮೇಲೆದ್ದಿತು.

ಇದು ನನಗೆ ಹೇಗೆ ಮರೆತುಹೋಯಿತೋ. ಮಾವನ ಮಾತನ್ನು ಇಟ್ಟುಕೊಂಡು ಮಗಳ ಮಾತನ್ನು ಬಿಟ್ಟುಬಿಟ್ಟಿದ್ದೇನೆ.

ಆಮೇಲೆ ಆ ಕುಲುಕಾಟ. ಹೆದರಿದವನ ಕೈ ಹಾಗೆ ಅಲ್ಲಾಡುವುದಿಲ್ಲ ಎಂದು ನಿನಗೆ ಬರೆದಿದ್ದೆ. ನಿನ್ನ ಸಿನಿಮಾದಲ್ಲಿ ನಂಬುವ ಹಾಗೆ ಅಲ್ಲಾಡಿದ್ದು ಅದೊಂದೇ ಕಡೆ. ಅದು ನನ್ನ ಕೈ ನಡುಗಿದ್ದಲ್ಲ. ಫ್ರೇಮಿನ ಕೆಳಗೆ ಒಂದು ಗಳಿಗೆ ಆ ಮಗುವಿನ ಎರಡು ಜಡೆ ಕಾಣುತ್ತವೆ. ನಾನು ಮತ್ತೆ ಇಳಿಸಬಾರದು ಎಂದು ಮಂಜು ನನ್ನ ಅಂಗಿ ಹಿಡಿದು ಜಗ್ಗಿದ್ದಾಳೆ.

ನಿನ್ನ ಮೇಲಿನ ಹೇಸಿಗೆ ಇನ್ನೂ ಹೋಗಿಲ್ಲ. ಗ್ರೈಂಡರ್ ಸದ್ದು ಹಾಕಲು ನೀನು ತೆಗೆದದ್ದು ಏನನ್ನು ಎಂದು ನಿನಗೆ ಗೊತ್ತಿತ್ತು. ಅದನ್ನು ಇಷ್ಟು ಬೇಗ ನುಂಗಲು ನನ್ನಿಂದ ಆಗದು. ನನ್ನ ಮೇಲಿನದೂ ಪೂರ್ತಿ ಹೋಗಿಲ್ಲ, ವಿಭೂತಿ ಹಚ್ಚದೇ ಇದ್ದದ್ದು ಹಚ್ಚದೇ ಇದ್ದದ್ದೇ. ಸಿನಿಮಾದ ಬಗ್ಗೆ ಇನ್ನೊಂದೇ ಮಾತು ಹೇಳುತ್ತೇನೆ, ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನಿನ್ನ ನಾಲ್ವರು ಕ್ಯಾಮೆರಾ ಯಾಕೆ ಬಿಸಾಕಲಿಲ್ಲ ಎಂದು ನೋಡುವವರಿಗೆ ತಿಳಿಯುವುದಿಲ್ಲ, ಯಾಕೆಂದರೆ ಅದನ್ನು ಆಮೇಲೆ ಯಾರು ನೋಡಬೇಕು ಎಂದು ಅವರಿಗೇ ಗೊತ್ತಿಲ್ಲ. ಮುಂದೆ ಮಾಡುವುದಾದರೆ ಅಲ್ಲಿಂದ ಶುರು ಮಾಡು. ಅವಲಕ್ಕಿ ಕಲಸಬೇಡ.

ನಿನ್ನ ಕ್ಯಾಮೆರಾ ಇನ್ನೂ ಕೊರಟಗೆರೆಯಲ್ಲೇ ಇದೆ. ಬಂದು ತೆಗೆದುಕೊಂಡು ಹೋಗು. ಮಂಜು ನಿನ್ನನ್ನು ಏನು ಕೇಳುತ್ತಾಳೋ ಅದಕ್ಕೆ ಎದುರು ಕೂತು ಉತ್ತರ ಹೇಳಬೇಕು, ಕಾಗದದಲ್ಲಿ ಅಲ್ಲ.

ಒಂದು ಬರೆಯುವುದು ಉಳಿಯಿತು. ತಲೆ ವಾಲಲು ಶುರುವಾದಾಗ ನನಗೆ ನೋಡಲಾಗಲಿಲ್ಲ. ನಿಲ್ಲಿಸೋಣ ಎಂದು ಟಿವಿಯ ಕಡೆ ಎದ್ದೆ. ಮಂಜು ಪರದೆಯಿಂದ ಕಣ್ಣು ತೆಗೆಯದೆ ಕೈ ಚಾಚಿ ನನ್ನ ಅಂಗಿ ಹಿಡಿದುಕೊಂಡಳು. ಕೂತೆ. ಮಾವನವರ ಕೈ ಬಂದು ಲೋಹಿತಾಳ ತಲೆಯನ್ನು ಸರಿ ಮಾಡಿತು. ಟೇಪು ಮುಗಿದು ಬರೀ ನೀಲಿ ಬರುವ ತನಕ ಅವಳು ಅಂಗಿ ಬಿಡಲಿಲ್ಲ.

ಪ್ರಭುದೇವ್